ಪೊಟ್ಟಣಕ್ಕೊಂದು ಹೂಂ

ಮುಸ್ಟ್‌ವೆಯ ಹಳೇ ಅಂಚೆಕಚೇರಿಯ ಹಿಂಗೋಣೆಯಲ್ಲಿ
ಹೊಗೆಸೊಪ್ಪಿನ ಹಲ್ಲಿನ ಬಣ್ಣಕ್ಕೆ ತಿರುಗಿದ ಒಂದು ಡೆಸ್ಕ್‌ಟಾಪು.
ಹೆಲ್ಸಿಂಕಿಯವರು ಬೇಡವೆಂದು ಕೊಟ್ಟದ್ದು, ತೊಂಬತ್ತೊಂದರಲ್ಲಿ.
ಫ್ಲಾಪಿಯ ಬಾಯಿಗೆ ಏನಿಟ್ಟರೂ ಅಗಿದು ಉಗುಳುತ್ತದೆ.
ಬೆನ್ನಿನಲ್ಲಿ ಒಂಬತ್ತು ಸೂಜಿಯ ಕಿಂಡಿಯೊಂದು ಮಾತ್ರ
ಇನ್ನೂ ಲೋಕದ ಕಡೆಗೆ ತೆರೆದಿದೆ;
ಅದರಲ್ಲೂ ಒಂದು ಸೂಜಿ ಸೊಟ್ಟ.

ಒಳಗೆ ಒಂಬತ್ತು ಚಳಿಗಾಲ ಇದೆ, ಎಂದರು ಹೆಲ್ಯು ಕಿವಿಸ್ತಿಕ್.
ಪೆಯ್ಪ್ಸಿ ಸರೋವರದ ಮಂಜುಗಡ್ಡೆಯ ದಪ್ಪ, ದಿನದಿನದ್ದು,
ನೀರಿನ ಮಟ್ಟ, ಗಂಟೆಗಂಟೆಯದ್ದು.
ನಾನು ರೇಡಿಯೋ ರಿಪೇರಿಯವನು. ಈ ಊರಿನಲ್ಲಿ ಹಾಗೆಂದರೆ
ಫ್ರಿಜ್ಜು, ದೋಣಿಯ ಮೋಟಾರು, ಈಗ ಇದೂ.

ನನ್ನ ಲ್ಯಾಪ್‌ಟಾಪಿಗೆ ವೇಷ ಕಟ್ಟಿದೆ:
ಕಪ್ಪು ಮೈ, ಹಸಿರು ಅಕ್ಷರ,
ಎಂಬತ್ತು ಕಾಲಂ ಅಗಲ, ಇಪ್ಪತ್ತನಾಲ್ಕು ಸಾಲು ಎತ್ತರ.
ಮೌಸು ಮುಟ್ಟಕೂಡದು, ಬಣ್ಣ ನೆನೆಯಕೂಡದು.
ಅಜ್ಜನ ಕೋಟು ತೊಟ್ಟು ಮೊಮ್ಮಗ ಕೆಮ್ಮಿದ ಹಾಗೆ
ಮಿನುಗಿತು ಕರ್ಸರು.

ಕೇಬಲ್ಲಿನೊಳಗೆ ಎರಡು ಎಳೆ ಅಡ್ಡ ಹಾಯಬೇಕು.
ಇದರ ಬಾಯಿ ಅದರ ಕಿವಿಗೆ, ಅದರ ಬಾಯಿ ಇದರ ಕಿವಿಗೆ.
ನೇರ ಕಟ್ಟಿದರೆ ಬಾಯಿಗೆ ಬಾಯಿ, ಬರೀ ಜಗಳ.
ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಮೊದಲ ಸಲ ವೇಗ ತಪ್ಪಿತು. ಪರದೆ ತುಂಬ
ಕೊಕ್ಕೆ, ಡಾಲರು, ತಲೆಕೆಳಗಾದ ಪ್ರಶ್ನೆ; ಜ್ವರದವರ ಕನವರಿಕೆ.
ಒಂಬತ್ತು ಸಾವಿರದ ಆರುನೂರು ಅದಕ್ಕೆ ಜಾಸ್ತಿಯಾಯ್ತು,
ಎರಡು ಸಾವಿರದ ನಾಲ್ಕುನೂರಕ್ಕೆ ಇಳಿ, ಎಂದರು ಹೆಲ್ಯು,
ಅವಸರದವರ ಜೊತೆ ಅದು ಮಾತಾಡೋದಿಲ್ಲ.
ಇಳಿದೆ.
ಬಂತು: ದೊಡ್ಡ ಸಿ, ಪಕ್ಕದಲ್ಲಿ ಬಾಣದ ಮೊನೆ,
ಅದರಾಚೆ ಕಾಯುವ ಗೆರೆ.

ಆಮೇಲೆ ಅದು ಕಥೆ ಶುರುಮಾಡಿತು.
ಒಂದು ಪೊಟ್ಟಣ ಕಳಿಸುತ್ತದೆ, ನಿಲ್ಲುತ್ತದೆ.
ಇತ್ತಲಿಂದ ಹೂಂ ಅನ್ನಬೇಕು. ಅಂದರೆ ಮುಂದಿನದು.
ಉಹುಂ ಅಂದರೆ, ಬೇಸರವಿಲ್ಲದೆ, ಅದನ್ನೇ ಮತ್ತೆ.
ಪ್ರತಿ ಪೊಟ್ಟಣದ ಬಾಲಕ್ಕೂ ಒಂದು ಲೆಕ್ಕ ಕಟ್ಟಿರುತ್ತದೆ;
ಕೂಡಿ ನೋಡಿ, ತಾಳೆಯಾದರೆ ಮಾತ್ರ ಹೂಂ.
ನಿದ್ದೆಗಣ್ಣಲ್ಲಿ ತಲೆಯಾಡಿಸುವವರಿಗೆ ಇಲ್ಲಿ ಕಥೆಯಿಲ್ಲ.

ಶೇಕಡಾ ಅರವತ್ತೊಂದಕ್ಕೆ ನಿಂತಿತು.
ಮರುಯತ್ನ ಒಂದು. ಮೂರು. ಏಳು.
ಹತ್ತಾದರೆ ಕೈಬಿಡುತ್ತದೆ, ಆಮೇಲೆ ಮೊದಲಿಂದ.
ಹೆಲ್ಯು ಮೇಜಿನ ಹಿಂದೆ ಮಂಡಿಯೂರಿದರು, ಎಪ್ಪತ್ತೊಂದರ ಮಂಡಿ,
ಸೊಟ್ಟ ಸೂಜಿಯ ಪ್ಲಗ್ಗನ್ನು ಹೆಬ್ಬೆರಳಿಂದ ಒತ್ತಿ ಹಿಡಿದರು.
ಹೂಂ.
ಮತ್ತೆ ಹೂಂ.
ಇಪ್ಪತ್ತು ನಿಮಿಷ ಹಾಗೇ. ದಿಂಬು ಕೊಡಲೇ ಅಂದೆ.
ಮಾತಾಡಿಸಬೇಡ, ಬೆರಳು ನಡುಗುತ್ತೆ.

ತೆರೆದೆ. ಅಂಕಿಗಳೆಲ್ಲ ನೆಟ್ಟಗಿವೆ. ಷರಾ ಕಾಲಮ್ಮಿನಲ್ಲಿ ಮಾತ್ರ
ಮಂಜುಗಡ್ಡೆ ಎನ್ನುವ ನಮ್ಮ ಪುಟ್ಟ ಪದ, 'ಯ್ಯಾ',
ತಲೆಯಕ್ಷರ ಉಳಿದು, ಚುಕ್ಕೆ ಹೊತ್ತ ಎರಡು ಸ್ವರ ಕಳಚಿ
ಎರಡು ಸುರುಳಿ ಆವರಣವಾಗಿತ್ತು:
ತೆರೆದದ್ದು, ತೆರೆದದ್ದು. ಮುಚ್ಚಿದ್ದು ಎಲ್ಲೂ ಇಲ್ಲ.
ಸರಿಮಾಡಲೇ? ಒಂದೇ ಆಜ್ಞೆ ಸಾಕು.
ಬೇಡ, ಎಂದಿತು ಮೇಜಿನ ಹಿಂದಿನ ದನಿ. ಅದು ಅವ್ದೇಯ್ ಬರೆದದ್ದು.
ರಷ್ಯನ್ ಮನೆಯವನು; ನಮ್ಮ ನುಡಿ ಕಲಿತದ್ದೇ
ಆ ಕಾಲಮ್ಮಿನಲ್ಲಿ, ನಲವತ್ತು ಅಕ್ಷರದ ಬೇಲಿಯೊಳಗೆ.
ಓದು.

ಗಟ್ಟಿಯಾಗಿ ಓದಿದೆ.
"ಇಂದು ಮನುಷ್ಯನನ್ನು ತಾಳುತ್ತದೆ. ಕುದುರೆಯನ್ನಲ್ಲ."
"ಅಳತೆಕೋಲು ಜಾರಿತು. ಸರೋವರ ಇಟ್ಟುಕೊಂಡಿತು."
"ಹೆಲ್ಯುಗೆ ಜ್ವರ. ಎರಡು ಹೊತ್ತೂ ನಾನೇ ಅಳೆದೆ."

ಮೂರನೆಯದರ ತಾರೀಖು ಕೇಳಿದರು. ಹೇಳಿದೆ.
ಸುಳ್ಳು, ಆವತ್ತು ನನಗೆ ಜ್ವರ ಇರಲಿಲ್ಲ, ಎಂದರು.
ಏನಿತ್ತು ಅಂತ ಹೇಳಲಿಲ್ಲ.

ಒಂಬತ್ತು ಚಳಿಗಾಲ ಒಟ್ಟಿಗೆ ಸೇರಿದರೂ
ನನ್ನ ಫೋನಿನ ಒಂದು ಬೆಕ್ಕಿನ ಫೋಟೋದಷ್ಟು ತೂಕವಿಲ್ಲ.
ಸ್ವಿಚ್ಚಿಗೆ ಕೈಚಾಚಿದೆ.

ತಡಿ, ಎಂದರು, ಹೆಬ್ಬೆರಳನ್ನು ಇನ್ನೂ ತೆಗೆಯದೆ,
ಕೊನೇ ಪೊಟ್ಟಣಕ್ಕೆ ಹೂಂ ಅಂದಿದ್ದೀಯಾ?